ಫ್ಯಾನ್ ಕಟ್ಟಿಕೊಂಡ ಒಲೆ

ನಮ್ಮ ಬಲಸಮುದ್ರದ ಮನೆಯಲ್ಲಿ ಒಲೆ ಅಂದರೆ ಮೂರು ಗುಂಡು, ಒಂದು ಊದುಗೊಳವೆ, ಬೈಯೋಕೆ ಒಬ್ಬರು. ಇವು ಯಾವುದೂ ಬೇಡ ಅಂತ ನಂಬಿಸಿ ಅಂಗಡಿಯವನೊಬ್ಬ ನನಗೆ ಪೆಲೆಟ್ ಒಲೆ ಮಾರಿದ. ಗುಂಡು, ಗೊಳವೆ ತಪ್ಪಿದವು. ಬೈಗುಳ ತಪ್ಪಲಿಲ್ಲ.

ಪೆಲೆಟ್ ಅಂದರೆ ಹೊಟ್ಟು, ಕಡ್ಲೇಕಾಯಿ ಸಿಪ್ಪೆ ಒತ್ತಿ ಮಾಡಿದ ಬೆರಳುದ್ದದ ತುಂಡು. ನೋಡೋಕೆ ಥೇಟ್ ಎಮ್ಮೆ ಫೀಡ್ಸು. ನಮ್ಮೆಮ್ಮೆಗೂ ಹಾಗೇ ಅನ್ನಿಸಿ ಮೊದಲ ಮೂಟೆಗೆ ಬಾಯಿ ಹಾಕಿತ್ತು. ಪಾವಗಡ, ಸಿರಾ ಕಡೆ ಹೊಲದಲ್ಲಿ ಬೆಳೆದು ಬಿಸಾಡಿದ ಸಿಪ್ಪೆಯನ್ನೇ ನಾವು ದುಡ್ಡು ಕೊಟ್ಟು ವಾಪಸು ತರೋದು ನೋಡಿ ಅವ್ವ ಎರಡು ದಿನ ನಕ್ಕಳು.

ಇದೇನು ಹೊಸ ಜಾತಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೂತು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕಿದವರು. ಮೂರು ಪಾತ್ರೆ ಇಡುವ ‘ಅಸ್ತ್ರ ಒಲೆ’ ಅವರದೇ. ಆಮೇಲೆ 2000ದ ದಶಕದಲ್ಲಿ ಫ್ಯಾನ್ ಇರುವ ಪೆಲೆಟ್ ಒಲೆಯೂ ಅದೇ ಸಂಸ್ಥೆಯಲ್ಲಿ ರೂಪುಗೊಂಡಿತು. ನಾನು ತಂದದ್ದು ಅದಲ್ಲ, ಅದರ ದೂರದ ದಾಯಾದಿ.

ಮೊದಲ ದಿನ ಹೊಗೆಯಿಲ್ಲ, ಮಸಿಯಿಲ್ಲ, ಗ್ಯಾಸಿನ ಹಾಗೆ ಉರಿ. ಎರಡನೇ ದಿನ ಮುದ್ದೆ ಎಸರು ಕುದಿಯೋ ಹೊತ್ತಿಗೆ ಮನೆ ತುಂಬ ಕಣ್ಣುರಿಸುವ ಹಳದಿಬಿಳಿ ಹೊಗೆ.

“ಏನ್ಲಾ, ಹೋಮ ಮಡಗಿದ್ದೀಯಾ?” ಅಂದಳು ಅವ್ವ.

ತಪ್ಪು ನನ್ನ ಕೈಯದು. ಸೌದೆ ಒಲೆ ಮುಂದೆ ಬೆಳೆದವನಿಗೆ ಉರಿ ಸಣ್ಣಗಾದರೆ ಕೈ ತುರಿಸುತ್ತೆ. ಒಂದು ಹಿಡಿ ಪೆಲೆಟ್ ಸುರಿದೆ. ಈ ಒಲೆ ಹಾಗಲ್ಲ. ಮೊದಲೇ ತುಂಬಿ ಮೇಲಿಂದ ಹಚ್ಚಬೇಕು. ತಳದ ಗಾಳಿ ಪೆಲೆಟ್ಟನ್ನು ಅರೆಬರೆ ಸುಟ್ಟು ಹೊಗೆ ಎಬ್ಬಿಸುತ್ತೆ, ಕತ್ತಿನ ತೂತುಗಳಿಂದ ಬರುವ ಗಾಳಿ ಆ ಹೊಗೆಯನ್ನೇ ಸುಡುತ್ತೆ. ಅಂದರೆ ಉರಿಯೋದೇ ಹೊಗೆ. ನಡುವೆ ಸುರಿದರೆ ಮೇಲಿನ ಜ್ವಾಲೆ ಸಾಯುತ್ತೆ, ಹೊಗೆ ಸುಡುವವರಿಲ್ಲದೆ ಮನೆ ಸುತ್ತುತ್ತೆ.

ಮೂರನೇ ಸಲ ಹಚ್ಚಿದಾಗ ಬಂದ ಹೊಗೆ ಬರೀ ಬಿಳಿ, ಘಾಟು ಕಮ್ಮಿ. ಜಗುಲಿಯಲ್ಲಿಟ್ಟ ಮೂಟೆಗೆ ಎರಚಲು ಹೊಡೆದು ಪೆಲೆಟ್ ಉಬ್ಬಿತ್ತು. ಹೊಗೆಯಲ್ಲಿ ಅರ್ಧ ಹಬೆ. ನಾಲ್ಕನೆಯದು ಕರಿ, ಅದಕ್ಕೆ ಬಸ್ಸಾರಿನ ದೊಡ್ಡ ಪಾತ್ರೆ ಹೊಣೆ. ಅದು ಒಲೆಯ ಬಾಯಿ ಮುಚ್ಚಿ ಕೂತು ಉರಿಗೆ ಉಸಿರು ಕಟ್ಟಿಸಿತ್ತು.

ಇಷ್ಟಾದರೂ ನನ್ನ ಹೆಂಡತಿ ಸುಮ್ಮನಿದ್ದಳು. ಒಲೆಯ ಮೈ ಕೆಂಪಗಾದ ದಿನ ಮಾತ್ರ “ರೀ, ಇದನ್ನ ಹೊರಗೆ ಹಾಕ್ತೀರೋ, ನಾನು ಹೋಗ್ಲೋ?” ಅಂದಳು.

ಆವತ್ತು ಜ್ವಾಲೆ ಅಡಗಿತ್ತು. ಮುದ್ದೆ ಅರ್ಧ ಬೆಂದಿದೆ, ಇನ್ನೊಂದು ಸ್ವಲ್ಪ ಉರಿಯಲಿ ಅಂತ ಫ್ಯಾನ್ ಪೂರ್ತಿ ತಿರುಗಿಸಿದೆ. ಒಳಗೆ ಉಳಿದಿದ್ದದ್ದು ಬರೀ ಕೆಂಡ. ಕೆಂಡಕ್ಕೆ ಗಾಳಿ ಬಿಡೋ ಜಾಗಕ್ಕೆ ನಮ್ಮೂರಲ್ಲಿ ಕುಲುಮೆ ಅಂತಾರೆ. ಅಲ್ಲಿ ಕುಡುಗೋಲು ಕಾಯಿಸ್ತಾರೆ, ಮುದ್ದೆ ಬೇಯಿಸಲ್ಲ. ತಳದ ಜಾಲರಿ ನಿಗಿನಿಗಿ ಅಂತು, ಫ್ಯಾನಿನ ಪ್ಲಾಸ್ಟಿಕ್ ಗುಂಡಿ ಕರಗಿ ಇನ್ನೊಂದು ಬಗೆಯ ಹೊಗೆ ಬಂತು. ಅದರ ಬಣ್ಣ ನೋಡೋಕೆ ಯಾರೂ ಒಳಗೆ ಉಳಿದಿರಲಿಲ್ಲ.

ಪಂಪ್‌ಸೆಟ್ ಮೋಟಾರು ಕಟ್ಟುವ ಹುಡುಗ ಬಂದು ಬಿಚ್ಚಿದ. ಫ್ಯಾನಿನ ಬಾಯಲ್ಲಿ ಬೂದಿ, ಜೊತೆಗೊಂದು ಜಿರಲೆ. ಜಾಲರಿಯ ತೂತುಗಳಲ್ಲಿ ಗಟ್ಟಿ ಕಿಟ್ಟ.

“ಅಣ್ಣ, ಕಡ್ಲೇಕಾಯಿ ಭೂಮಿ ಒಳಗೆ ಬೆಳೆಯೋದು. ಸಿಪ್ಪೆ ಜೊತೆ ಮಣ್ಣೂ ಬರುತ್ತೆ. ಮಣ್ಣು ಕಾದ್ರೆ ಹಿಂಗೇ ಕಲ್ಲಾಗೋದು” ಅಂದ. ಓದಿದ್ದು ಐ.ಟಿ.ಐ., ನನ್ನ ಡಿಗ್ರಿಗೆ ಇದು ಹೊಳೆದಿರಲಿಲ್ಲ.

ಈಗ ದಿನಾ ತಣ್ಣಗಾದ ಮೇಲೆ ಬೂದಿ ಕೊಡವುತ್ತೇನೆ. ಪೆಲೆಟ್ ಅಟ್ಟದ ಮೇಲೆ ಡ್ರಮ್ಮಿನಲ್ಲಿದೆ, ಎಮ್ಮೆಗೂ ಎಟಕಲ್ಲ. ಮುದ್ದೆ ತೊಳಸೋಕೆ ಮಾತ್ರ ಪಾತ್ರೆ ಕೆಳಗಿಳಿಯಬೇಕು. ಅವ್ವ ಕೋಲು ಹಾಕಿ ಒತ್ತುವ ರಭಸಕ್ಕೆ ಈ ಒಲೆ ನಿಲ್ಲಲ್ಲ.

ನೀವೂ ಇಂಥದ್ದು ತಂದಿದ್ದರೆ ಒಂದು ಮಾತು. ಹೊಗೆ ಬಂದರೆ ನೀವೇ ಎದ್ದು ಹೊರಗೆ ಓಡುತ್ತೀರಿ, ಭಯವಿಲ್ಲ. ಹೊಗೆಯೇ ಇಲ್ಲದೆ ಕೆಂಡ ಮಾತ್ರ ಉಳಿದಾಗ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿ ಅಂತ ಒಲೆಯನ್ನು ಮಲಗುವ ಕೋಣೆಗೆ ಒಯ್ಯಬೇಡಿ, ಅಡುಗೆಮನೆ ಕಿಟಕಿ ತೆಗೆದಿಡಿ.