ಕೋಳಿ ಸಾಕುವ ನಿವೃತ್ತರು

ಕೋಳಿ ಸಾಕುವ ನಿವೃತ್ತರು ಮೈಸೂರು, ಮಂಡ್ಯ, ಹಾಸನ, ತುಮಕೂರುಗಳ ಹೊರಬಡಾವಣೆಗಳಲ್ಲಿ ಹೇರಳವಾಗಿ ಕಂಡುಬರುತ್ತಾರೆ. 40×60ರ ಸೈಟಿನಲ್ಲಿ ಸ್ವಂತ ಮನೆ, ಪಕ್ಕದಲ್ಲಿ ಯಾರದೋ ಖಾಲಿ ಸೈಟು, ತಿಂಗಳ ಮೊದಲ ವಾರಕ್ಕೆ ಪಿಂಚಣಿ, ಮುಂದೆ ಇಡೀ ಹಗಲು: ಈ ನಾಲ್ಕೂ ಕೂಡಿದಲ್ಲಿ ಇವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಬ್ಯಾಂಕು, ವಿದ್ಯುತ್ ಮಂಡಳಿ, ಪ್ರೌಢಶಾಲೆ, ಎಲ್ಲಿಂದ ನಿವೃತ್ತರಾದವರೂ ಆಗಿರಬಹುದು. ಬೆಳಗ್ಗೆ ಆರಕ್ಕೆ ತಲೆಗೆ ಮಂಕಿ ಕ್ಯಾಪು, ಮೇಲೆತ್ತಿ ಕಟ್ಟಿದ ಪಂಚೆ, ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ನುಚ್ಚಿನ ಡಬ್ಬಿ ಕಂಡರೆ ಗುರುತು ಖಚಿತ.

ಮೊದಲು ಬರುವುದು ತರಕಾರಿ. ಮಾರುಕಟ್ಟೆಯದೆಲ್ಲ ಔಷಧಿ ಹೊಡೆದ ಮಾಲು ಎಂಬ ತೀರ್ಮಾನ ಸಾಮಾನ್ಯವಾಗಿ ನಿವೃತ್ತಿಯ ಮೂರನೆಯ ತಿಂಗಳಲ್ಲಿ ಆಗುತ್ತದೆ. ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ಒಮ್ಮೆ ಹೋಗಿಬಂದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ಬೆಂಡೆಕಾಯಿ ಬರೀ ಬೆಂಡೆಕಾಯಿಯಲ್ಲ, ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’. ಟೊಮೇಟೊ ‘ಅರ್ಕಾ ರಕ್ಷಕ್’. ಹರಿವೆ, ದಂಟು, ಮೆಂತ್ಯ, ಬದನೆಗೆ ಮಡಿ ಸಿದ್ಧವಾಗುತ್ತದೆ. ಚಪ್ಪರಕ್ಕೆ ಹೀರೆ ಹಬ್ಬುತ್ತದೆ. ಹಸಿಮೆಣಸಿನಕಾಯಿ ಮಾತ್ರ ಅಂಗಡಿಯಿಂದಲೇ ಬರುತ್ತಿರುತ್ತದೆ. ಗಿಡಕ್ಕೆ ಮುರುಟು ರೋಗ ಬಂದಿರುತ್ತದೆ.

ಕೋಳಿಯ ಪ್ರವೇಶ ಮೊಮ್ಮಕ್ಕಳ ಮೂಲಕ ಆಗುತ್ತದೆ. ಬೇಸಿಗೆ ರಜೆಗೆ ಬಂದ ಮಗು ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಕೋಳಿಮರಿ ಬೇಕೆಂದು ಹಟ ಹಿಡಿಯುತ್ತದೆ. ರಜೆ ಮುಗಿದು ಮಗು ಹೋಗುತ್ತದೆ, ಮರಿ ಉಳಿಯುತ್ತದೆ. ಕೆಲವೇ ವಾರಗಳಲ್ಲಿ ಬಣ್ಣದ ತುಪ್ಪುಳ ಉದುರಿ ಬಿಳಿ ಪುಕ್ಕ ಬರುತ್ತದೆ. ಇನ್ನೂ ಕೆಲವು ತಿಂಗಳಿಗೆ ಅದು ಕೂಗುತ್ತದೆ. ಹೀಗೆ ಮಾರಾಟಕ್ಕೆ ಬರುವ ಮರಿಗಳಲ್ಲಿ ಹೆಚ್ಚಿನವು ಮೊಟ್ಟೆ ಫಾರಂಗಳಿಗೆ ಬೇಡವಾದ ಗಂಡುಗಳೇ. ಆ ಹುಂಜಕ್ಕೆ ಜೊತೆ ಬೇಡವೇ ಎಂಬ ಮರುಕದಿಂದ ನಾಲ್ಕು ನಾಟಿ ಹೇಂಟೆಗಳು ಬರುತ್ತವೆ. ಅವುಗಳಿಗೆ ಯಜಮಾನರ ಕಾಲೇಜು ದಿನಗಳ ನಾಯಕಿಯರ ಹೆಸರು ಬೀಳುತ್ತದೆ: ಕಲ್ಪನಾ, ಭಾರತಿ, ಆರತಿ, ಮಂಜುಳಾ.

ತೋಟಕ್ಕೆ ಗೊಬ್ಬರ ಕೋಳಿಯಿಂದ, ಕೋಳಿಗೆ ಸೊಪ್ಪು ತೋಟದಿಂದ ಎಂಬುದು ಇವರ ಸಿದ್ಧಾಂತ. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಆದರೆ ಕೋಳಿಯ ಹಿಕ್ಕೆಯಲ್ಲಿ ಸಾರಜನಕ ಸಗಣಿಗಿಂತ ಬಹಳ ಹೆಚ್ಚು. ಕೆಲವು ತಿಂಗಳು ಕಳಿಯಲು ಬಿಡದೆ ಹಸಿಯಾಗಿಯೇ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಮೊದಲ ವರ್ಷದ ಬದನೆ ಹಾಗೆಯೇ ಹೋಗುತ್ತದೆ. ಸಿದ್ಧಾಂತದ ಎರಡನೆಯ ಭಾಗವನ್ನು ಕೋಳಿಗಳು ತಾವೇ ಜಾರಿಗೆ ತರುತ್ತವೆ. ಹದ ಮಾಡಿ, ಮೆಂತ್ಯ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿದ ಮಡಿಯೆಂದರೆ ಅವಕ್ಕೆ ಪಂಚಪ್ರಾಣ. ಕಲ್ಪನಾ ಬಲಗಾಲಲ್ಲಿ ಎರಡು ಸಲ ಕೆದರುತ್ತಾಳೆ, ಎಡಗಾಲಲ್ಲಿ ಒಂದು ಸಲ. ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, ಕೆದರಿದ ಜಾಗವನ್ನು ಲೆಕ್ಕ ತಪಾಸಣೆಗೆ ಬಂದ ಆಡಿಟರಂತೆ ಪರಿಶೀಲಿಸುತ್ತಾಳೆ. ಎರೆಹುಳು, ಮೆಂತ್ಯ ಎರಡೂ ಮುಗಿದ ಮೇಲೆ ಅಲ್ಲೇ ಗುಂಡಿ ಮಾಡಿ ಮಲಗಿ, ರೆಕ್ಕೆಯೊಳಕ್ಕೆ ಪುಡಿಮಣ್ಣು ಎರಚಿಕೊಳ್ಳುತ್ತಾಳೆ. ಮೈಯ ಹೇನು ಕಳೆಯಲು ಕೋಳಿಗಳಿಗೆ ಈ ಮಣ್ಣಿನ ಸ್ನಾನ ಬೇಕೇ ಬೇಕು. ಹಾಗಾಗಿ ಇವರು ಬೈಯುವುದಿಲ್ಲ, ಮಡಿಗೆ ಬೇಲಿ ಹಾಕಿಸುತ್ತಾರೆ. ಮುಂಗುಸಿ, ಬೆಕ್ಕಿನ ಕಾಟಕ್ಕೆ ಗೂಡಿಗೂ ಜಾಲರಿ ಬರುತ್ತದೆ. ಕೊನೆಗೆ ತೋಟದಲ್ಲಿ ಬೇಲಿಯಿಲ್ಲದ ಜಾಗ ಎಂದರೆ ಕೋಳಿಗಳು ಓಡಾಡುವ ಜಾಗ ಮಾತ್ರ.

ಈ ವ್ಯವಸ್ಥೆಯ ಬಗ್ಗೆ ಮನೆಯವರ ಅಭಿಪ್ರಾಯ ಬೇರೆ. “ಹರಿವೆ ಸೊಪ್ಪು ಎಲ್ರೀ ಅಂದ್ರೆ, ಆರತಿ ತಿಂದ್ಲು ಅಂತೀರಿ. ಹಾಗಾದ್ರೆ ಸಾರಿಗೆ ಆರತೀನೇ ಹಾಕ್ಲಾ?” ಎಂಬ ಪ್ರಶ್ನೆ ಅಡುಗೆಮನೆಯಿಂದ ಆಗಾಗ ಕೇಳಿಬರುತ್ತದೆ. ಉತ್ತರ ಬರುವುದಿಲ್ಲ, ಪೈಪಿನ ನೀರಿನ ಸದ್ದು ಜೋರಾಗುತ್ತದೆ.

ಕೋಳಿಗಳ ಪ್ರೀತಿಯ ಬಗ್ಗೆ ಇವರಿಗೆ ಸಂಶಯವೇ ಇಲ್ಲ. ಡಬ್ಬಿ ಅಲುಗಿಸಿದರೆ ನಾಲ್ಕೂ ಓಡಿ ಬರುತ್ತವೆ. ಪೇಪರ್ ಓದುವಾಗ ಮಂಜುಳಾ ಕುರ್ಚಿಯ ಕೈಮೇಲೆ ಕೂರುತ್ತಾಳೆ. ಬೆನ್ನಿನ ಮೇಲೆ ಕೈಯಿಟ್ಟರೆ ಭಾರತಿ ರೆಕ್ಕೆ ಅಗಲಿಸಿ ನೆಲಕ್ಕೆ ಕುಕ್ಕರಿಸುತ್ತಾಳೆ. ಇದನ್ನು ಇವರು ನಮಸ್ಕಾರವೆಂದು ನೆಂಟರಿಷ್ಟರಿಗೆ ತೋರಿಸುತ್ತಾರೆ. ಮೊಟ್ಟೆಗೆ ಬಂದ ಹೇಂಟೆ ಹುಂಜದೆದುರು ಕುಕ್ಕರಿಸುವುದು ಹೀಗೆಯೇ ಎಂದು ಪಶುವೈದ್ಯರು ಒಮ್ಮೆ ವಿವರಿಸಿದ ಮೇಲೂ ಪ್ರದರ್ಶನ ನಿಲ್ಲುವುದಿಲ್ಲ. ಪಶುವೈದ್ಯರಿರುವಾಗ ಮಾತ್ರ ನಡೆಯುವುದಿಲ್ಲ.

ಲೆಕ್ಕ ಇಡುವುದು ಹಳೆಯ ಅಭ್ಯಾಸ. ಡೈರಿಯ ಜಮೆಯ ಕಡೆ ಪ್ರತಿ ಮೊಟ್ಟೆಗೂ ತಾರೀಖು ಇರುತ್ತದೆ. ಗೂಡು, ಜಾಲರಿ, ರಾಣಿಖೇತ್ ರೋಗದ ಲಸಿಕೆ, ಮುಸುಕಿನ ಜೋಳದ ನುಚ್ಚು ಇವು ಮನೆ ಖರ್ಚಿಗೆ ಹೋಗುತ್ತವೆ. ಹೀಗಾಗಿ ಲಾಭ ಖಚಿತ. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಟ್ಟರೆ ನಾಟಿ ಹೇಂಟೆ 60ರಿಂದ 80 ಇಟ್ಟರೆ ಹೆಚ್ಚು. ಹತ್ತು ಹನ್ನೆರಡು ಇಟ್ಟೊಡನೆ ಕಾವಿಗೆ ಕೂತು, 21 ದಿನ ಗೂಡು ಬಿಟ್ಟು ಏಳುವುದೇ ಅಪರೂಪ. ಆ ದಿನಗಳಲ್ಲಿ ಮನೆಗೆ ಮೊಟ್ಟೆ ಅಂಗಡಿಯಿಂದ ಬರುತ್ತದೆ. ಅದಕ್ಕೆ ಡೈರಿಯಲ್ಲಿ ಕಲಮಿಲ್ಲ.

ಹುಂಜದ ವಿಷಯದಲ್ಲಿ ಬೀದಿಯವರಿಂದ ತಕರಾರು ಬರುತ್ತದೆ. ನಾಲ್ಕಕ್ಕೇ ಕೂಗುತ್ತದೆ, ಇನ್ನೂ ಬೆಳಕೇ ಹರಿದಿರುವುದಿಲ್ಲ ಎಂಬುದು ಎದುರುಮನೆಯವರ ದೂರು. ಹುಂಜ ಕೂಗುವುದಕ್ಕೆ ಬೆಳಕೇ ಬೇಕಿಲ್ಲ, ಮೈಯೊಳಗಿನ ಗಡಿಯಾರವೇ ಸಾಕು ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದಾರೆ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗು ಎಂದುಕೊಂಡಿದ್ದ ಅಜ್ಜಿಯ ಕಥೆಯನ್ನು ಎದುರುಮನೆಯವರು ನೆನಪಿಸುತ್ತಾರೆ. ಎರಡು ಮೊಟ್ಟೆ ಕೈಬದಲಾಗಿ ವ್ಯಾಜ್ಯ ಮುಂದಕ್ಕೆ ಹೋಗುತ್ತದೆ.

ನಿಜವಾದ ಪರೀಕ್ಷೆ ಯುಗಾದಿಯ ಮರುದಿನ, ಹೊಸತೊಡಕಿಗೆ. ಹಳೇ ಮೈಸೂರಿನ ಮಾಂಸಾಹಾರಿ ಮನೆಗಳಲ್ಲಿ ಅಂದು ಬಾಡೂಟ ತಪ್ಪುವಂತಿಲ್ಲ. ಬೆಳಗಿನ ಜಾವವೇ ಇವರು ಸ್ಟೀಲ್ ಡಬ್ಬಿ ಹಿಡಿದು ಕೋಳಿ ಅಂಗಡಿಯ ಮುಂದೆ ಸಾಲಿನಲ್ಲಿರುತ್ತಾರೆ. ಊಟಕ್ಕೆ ಕೂತ ಬಾಮೈದ ಸುಮ್ಮನಿರುವುದಿಲ್ಲ.

“ಅಲ್ಲ ಭಾವ, ಮನೇಲೇ ನಾಟಿಕೋಳಿ ಇಟ್ಕೊಂಡು ಬ್ರಾಯ್ಲರ್‌ಗೆ ಕ್ಯೂ ನಿಂತಿದ್ರಂತೆ?”

“ಅವು ಮೊಟ್ಟೆಗೆ ಸಾಕಿರೋವು ಕಣಯ್ಯ.”

“ಕಲ್ಪನಾ ಕೊನೇ ಮೊಟ್ಟೆ ಇಟ್ಟಿದ್ದು ಯಾವಾಗ?”

“ಮುದ್ದೆ ಆರೋಗುತ್ತೆ, ಉಣ್ಣು.”

ಕಲ್ಪನಾಗೆ ವಯಸ್ಸಾಗಿರುತ್ತದೆ. ಮೂರು ವರ್ಷ ದಾಟಿದ ಹೇಂಟೆಯ ಮೊಟ್ಟೆ ಇಳಿಯುತ್ತದೆ. ಆಯಸ್ಸು ಮಾತ್ರ ಇನ್ನೂ ನಾಲ್ಕೈದು ವರ್ಷ ಉಳಿದಿರುತ್ತದೆ. ಕೆಲಸವಿಲ್ಲ, ಊಟ ಹೊತ್ತಿಗೆ ಸರಿಯಾಗಿ ಬೇಕು, ಹಗಲೆಲ್ಲ ತೋಟದಲ್ಲಿ ಮಣ್ಣು ಕೆದರುತ್ತಿರಬೇಕು. ಇಂಥ ಬಾಳನ್ನು ದಂಡವೆಂದು ಕರೆಯುವ ಅಧಿಕಾರ ಆ ಮನೆಯಲ್ಲಿ ಯಾರಿಗೂ ಇಲ್ಲ, ಯಜಮಾನರಿಗಂತೂ ಇಲ್ಲವೇ ಇಲ್ಲ. ದುಡಿದವರಿಗೆ ಪಿಂಚಣಿ ಎಂಬ ನಿಯಮವನ್ನು ಇವರು ಕಲ್ಪನಾಗೂ ಅನ್ವಯಿಸುತ್ತಾರೆ: ದಿನಕ್ಕೆ ಎರಡು ಹಿಡಿ ನುಚ್ಚು, ಮಳೆಗಾಲದಲ್ಲಿ ತುಟ್ಟಿಭತ್ಯೆಯಾಗಿ ಇನ್ನರ್ಧ ಹಿಡಿ.