ಮೌಸ್ ಮುಟ್ಟದ ಮಡಿವಂತ

ಮೌಸ್ ಮುಟ್ಟಿದರೆ ಮೈಲಿಗೆ ಎಂದು ನಂಬಿದ ಪಂಗಡವೊಂದು ಸಾಫ್ಟ್‌ವೇರ್ ಕಚೇರಿಗಳಲ್ಲಿದೆ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ತಂಡಕ್ಕೊಬ್ಬನಾದರೂ ಈ ಮಡಿವಂತ ಇದ್ದೇ ಇರುತ್ತಾನೆ. ಗುರುತು ಸುಲಭ. ಮೇಜಿನ ಮೇಲೆ ಟಕಟಕ ಸದ್ದಿನ ಮೆಕ್ಯಾನಿಕಲ್ ಕೀಬೋರ್ಡು, ಅದರ ಪಕ್ಕ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ, ಮಾನಿಟರಿನ ಹಿಂದೆ ಧೂಳು ಹಿಡಿದ ಮೌಸು. ಪಕ್ಕದವರು ಮೆನು ತೆರೆದು ‘ಕಾಪಿ’ ಹುಡುಕುವುದನ್ನು ಕಂಡರೆ, ಪಾಯಸಕ್ಕೆ ಮೊದಲೇ ಮಜ್ಜಿಗೆ ಬಡಿಸಿದಷ್ಟು ಸಂಕಟಪಡುತ್ತಾನೆ. ಶಾರ್ಟ್‌ಕಟ್‌ಗಳು ಅವನ ಬೆರಳಿಗೆ ಕಂಠಪಾಠ, ಬಾಯಿಗಲ್ಲ. ಯಾವ ಕೀಲಿ ಎಂದು ಕೇಳಿದರೆ ಗಾಳಿಯಲ್ಲಿ ಒಮ್ಮೆ ಬೆರಳಾಡಿಸಿ ನೋಡಿಕೊಂಡೇ ಉತ್ತರ ಹೇಳಬೇಕು.

ಇಂಥವನ ಶಾರ್ಟ್‌ಕಟ್ ಒಂದು ಬೆಳಗ್ಗೆ ಕೈಕೊಡುತ್ತದೆ. ಕಂಟ್ರೋಲ್ ಮತ್ತು ಎಸ್ ಒತ್ತಿದರೂ ಫೈಲ್ ಸೇವ್ ಆಗುವುದಿಲ್ಲ. ಮೊದಲ ಚಿಕಿತ್ಸೆ, ಅದನ್ನೇ ಇನ್ನಷ್ಟು ಜೋರಾಗಿ ಮೂರು ಸಲ ಒತ್ತುವುದು. ಕೋಡಿನ ನಡುವೆ ನಾಲ್ಕು ಎಸ್ ಅಕ್ಷರಗಳು ಬಿದ್ದಿರುತ್ತವೆ. ಅವು ಅವನ ಕಣ್ಣಿಗೆ ಬೀಳುವುದಿಲ್ಲ. ಎರಡನೆಯ ಚಿಕಿತ್ಸೆ ವಿಚಾರಣೆ.

“ಯಾರಪ್ಪಾ ನನ್ನ ಸಿಸ್ಟಮ್ ಮುಟ್ಟಿದ್ದು?”

“ನಿಮ್ಮ ಕೀಬೋರ್ಡ್ ಹತ್ರ ಬರೋಕೆ ಯಾರಿಗೆ ಧೈರ್ಯ ಇದೆ ಸಾರ್?” ಎನ್ನುತ್ತಾನೆ ಹೊಸ ಹುಡುಗ.

ಅಲ್ಲಿಗೆ ಅಪರಾಧ ನಿನ್ನೆ ರಾತ್ರಿಯ ಅಪ್‌ಡೇಟಿನ ತಲೆಗೆ. ಸಾಫ್ಟ್‌ವೇರನ್ನು ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವಷ್ಟರಲ್ಲಿ ಊಟದ ಹೊತ್ತು.

ಶಾರ್ಟ್‌ಕಟ್ ಕೆಡಲು ಕಾರಣಗಳು ಹಲವು, ಹೆಚ್ಚಿನವು ಸಣ್ಣವು. ಒಂದು, ಕರ್ಸರ್ ಇರುವ ಜಾಗ. ಎಡಿಟರಿನಲ್ಲಿ ನಕಲು ಮಾಡುವ ಕಂಟ್ರೋಲ್ ಸಿ, ಟರ್ಮಿನಲ್ಲಿನಲ್ಲಿ ಓಡುತ್ತಿರುವ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಎರಡು, ಜೋಡಿ ಕೀಲಿಗಳು. ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಕಂಟ್ರೋಲ್ ಕೆ ಒತ್ತಿದರೆ ಅದು ಮುಂದಿನ ಕೀಲಿಗಾಗಿ ಕಾದು ಕೂರುತ್ತದೆ. ಹಾಗೆ ಕಾಯುತ್ತಿರುವುದನ್ನು ಕೆಳಗಿನ ಪಟ್ಟಿಯಲ್ಲಿ ಬರೆದು ತೋರಿಸುತ್ತದೆ, ಓದುವವರು ಬೇಕು. ಮೂರು, ಲ್ಯಾಪ್‌ಟಾಪಿನ ಎಫ್‌ಎನ್ ಕೀಲಿ. ಎಫ್5 ಒತ್ತಿ ಪ್ರೋಗ್ರಾಂ ಓಡಿಸಹೊರಟರೆ ಪರದೆಯ ಬೆಳಕು ಏರಬಹುದು. ನಾಲ್ಕು, ಹಿನ್ನೆಲೆಯಲ್ಲಿ ಕೂತ ಬೇರೊಂದು ಪ್ರೋಗ್ರಾಂ ಅದೇ ಕೀಲಿಯನ್ನು ಮೊದಲೇ ತನ್ನ ಹೆಸರಿಗೆ ಬರೆಸಿಕೊಂಡಿರುವುದು. ಕೆಲವು ಹಳೆಯ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಕೆಳಬಾಣದ ಕೀಲಿ ಸೇರಿದರೆ ಇಡೀ ಪರದೆಯೇ ತಲೆಕೆಳಗು.

ವಿಮ್ ಭಕ್ತರ ಪಾಡು ಬೇರೆ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಈ ಎಡಿಟರಿನ ಹಳೆಯ ಆವೃತ್ತಿಗಳನ್ನು ಲಿನಕ್ಸ್ ಟರ್ಮಿನಲ್ಲಿನಲ್ಲಿ ಬಳಸುತ್ತ ರೂಢಿಬಲದಿಂದ ಕಂಟ್ರೋಲ್ ಎಸ್ ಒತ್ತಿದರೆ ಪರದೆ ಕಲ್ಲಾಗಿಬಿಡುತ್ತದೆ. ಟೆಲಿಟೈಪ್ ಕಾಲದಲ್ಲಿ ಅದು ‘ಸ್ವಲ್ಪ ತಾಳು’ ಎನ್ನುವ ಸಂಜ್ಞೆ. ಕಂಟ್ರೋಲ್ ಕ್ಯೂ ಒತ್ತಿದರೆ ಶಾಪವಿಮೋಚನೆ.

ಕನ್ನಡಾಭಿಮಾನಿ ಮಡಿವಂತನಿಗೆ ಇನ್ನೊಂದು ಗಂಡಾಂತರ ಕಾದಿದೆ. ರಾಜ್ಯೋತ್ಸವದ ಶುಭಾಶಯ ಟೈಪಿಸಲು ವಿಂಡೋಸಿಗೆ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ ಸೇರಿಸಿ ಮರೆತಿರುತ್ತಾನೆ. ಆಲ್ಟ್, ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ವಿಎಸ್ ಕೋಡ್‌ನಲ್ಲಿ ಕೋಡನ್ನು ಓರಣ ಮಾಡುವ ಶಾರ್ಟ್‌ಕಟ್ ಇರುವುದೂ ಅದೇ ಎರಡು ಕೀಲಿಗಳ ಜೊತೆ ಎಫ್ ಸೇರಿಸಿ. ಎಫ್ ಒತ್ತುವ ಮೊದಲೇ ಬೆರಳು ಜಾರಿತೆನ್ನಿ, ಅಲ್ಲಿಂದಾಚೆಗೆ ‘ಇಫ್’ ಎಂದು ಹೊಡೆದಲ್ಲಿ ‘ಗಿ’ ಮೂಡುತ್ತದೆ. ವಿಮ್‌ನಲ್ಲಿ ಕರ್ಸರನ್ನು ಕೆಳಗಿಳಿಸಬೇಕಾದ ಜೆ ಕೀಲಿ ‘ರ’ ಎನ್ನುತ್ತ ಕದಲದೆ ನಿಲ್ಲುತ್ತದೆ.

ರೋಗ ಪತ್ತೆಗೆ ನೇರ ದಾರಿಯಿದೆ. 2015ರಲ್ಲಿ ಬಂದ ವಿಎಸ್ ಕೋಡ್‌ನಲ್ಲಿ ಎಲ್ಲ ಶಾರ್ಟ್‌ಕಟ್‌ಗಳ ಪಟ್ಟಿ ಇದೆ. ಒಂದೇ ಕೀಲಿಗೆ ಇಬ್ಬರು ವಾರಸುದಾರರಿದ್ದರೆ ಅಲ್ಲಿ ಸಿಕ್ಕಿಬೀಳುತ್ತಾರೆ. ಒತ್ತಿದ ಪ್ರತಿ ಕೀಲಿಯೂ ಯಾವ ಆಜ್ಞೆಗೆ ಸಂದಿತು ಎಂದು ಬರೆದಿಡುವ ತಪಾಸಣೆಯ ವ್ಯವಸ್ಥೆಯೂ ಇದೆ. ಆದರೆ ಆ ಪಟ್ಟಿ ತೆರೆಯುವ ಶಾರ್ಟ್‌ಕಟ್ ಕಂಟ್ರೋಲ್ ಕೆ, ಕಂಟ್ರೋಲ್ ಎಸ್. ಕೆಟ್ಟಿರುವುದೇ ಕಂಟ್ರೋಲು. ಅವನಿಗೆ ಹೊಳೆಯುವ ದಾರಿ, ಎಡ ಕೆಳಮೂಲೆಯ ಹಲ್ಲುಚಕ್ರದ ಗುರುತಿನ ಮೇಲೆ ಕ್ಲಿಕ್ ಮಾಡುವುದು. ಸಂಜೆ ನಾಲ್ಕರ ಹೊತ್ತಿಗೆ ಮಡಿವಂತ ಆಚೀಚೆ ನೋಡಿ, ಮಾನಿಟರಿನ ಹಿಂದೆ ಕೈಯಾಡಿಸಿ ಮೌಸನ್ನು ಹೊರಗೆಳೆಯುತ್ತಾನೆ. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಇದೇ.

ತಪಾಸಣೆಯ ದಾಖಲೆಯಲ್ಲಿ ಬರೀ ಎಸ್ ಕಾಣುತ್ತದೆ, ಕಂಟ್ರೋಲಿನ ಸುಳಿವಿಲ್ಲ. ಕೀಲಿಯ ಟೋಪಿ ಎಬ್ಬಿಸಿದರೆ ಅಡಿಯಲ್ಲಿ ಕಾಂಗ್ರೆಸ್ ಕಡಲೆಬೀಜದ ಅರ್ಧ ಹೋಳು, ಒಣಗಿದ ಕರಿಬೇವಿನ ಎಲೆಯ ಸಮೇತ. ಬಲಗಡೆಯ ಕಂಟ್ರೋಲ್ ಕೀಲಿ ಮಾತ್ರ ಬೆಳಗಿನಿಂದಲೂ ಸರಿಯಾಗಿಯೇ ಇರುತ್ತದೆ.