ಚಂದ್ರಿಕೆಗೆ ಅಡಿಟಿಪ್ಪಣಿ

ಪಂಪಭಾರತ ಓದಬೇಕೆಂದರೆ ಮೊದಲೆಲ್ಲ ಎರಡು ತೊಡೆ ಬೇಕಿತ್ತು. ಒಂದರ ಮೇಲೆ ಮೂಲ, ಇನ್ನೊಂದರ ಮೇಲೆ ಡಿ.ಎಲ್. ನರಸಿಂಹಾಚಾರ್ ಅವರ ‘ಪಂಪಭಾರತ ದೀಪಿಕೆ’. ಕನಕಪುರದಿಂದ ಸಾತನೂರಿಗೆ ಬರುವ ಬಸ್ಸಿನಲ್ಲಿ ಎರಡು ತೊಡೆಯೂ ನಮ್ಮವೇ ಎನ್ನುವ ಹಾಗಿಲ್ಲ. ಒಂದರ ಮೇಲೆ ಯಾರದೋ ಕೂಸು ಕೂತಿರುತ್ತದೆ. ಅದಕ್ಕೇ ಇ-ರೀಡರ್ ಕೊಂಡೆ. ಪದದ ಹೆಗಲೇರಿದ ಪುಟ್ಟ ಅಂಕಿ ಮುಟ್ಟಿದರೆ ಸಾಕು, ಅರ್ಥ ಎದ್ದು ಬರುತ್ತದೆ ಎಂದರು.

ಬರುವುದೇನೋ ಬರುತ್ತದೆ. ಆದರೆ ಅಂಕಿ ಸಾಸಿವೆಯಷ್ಟು, ನನ್ನ ಬೆರಳು ಬಾಳೆಕಾಯಿಯಷ್ಟು. 7 ಮುಟ್ಟಿದರೆ 8 ಏಳುತ್ತದೆ. 8ರಲ್ಲಿ ‘ಹಿಂದಿನ ಟಿಪ್ಪಣಿ ನೋಡಿ’. ಅಲ್ಲಿಗೆ ಹೋದರೆ ಬರೀ ಪಾಠಾಂತರ. ದ್ರೌಪದಿಯ ಸ್ವಯಂವರಕ್ಕೆ ಹೊರಟವನು ಎಷ್ಟೋ ಸಲ ಮುನ್ನುಡಿಯ ಕೃತಜ್ಞತೆಯಲ್ಲಿ ಇಳಿದಿದ್ದೇನೆ.

ಹಳ್ಳಿಗಳಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದ ಕಾಲಕ್ಕೆ ಈ ತಾಪತ್ರಯವಿರಲಿಲ್ಲ. ಒಬ್ಬರು ರಾಗವಾಗಿ ಪದ್ಯ ಹೇಳುವುದು, ಪಕ್ಕದವರು ಅರ್ಥ ಬಿಡಿಸುವುದು. ಕೂತವರು ತೂಕಡಿಸಿದರೆ ಅರ್ಥ ಹೇಳುವವರು ದನಿ ಎತ್ತುತ್ತಿದ್ದರು. ನನ್ನ ಯಂತ್ರವೋ, ನಾನು ತೂಕಡಿಸಿದರೆ ತಾನೂ ಮಲಗುತ್ತದೆ.

ಮೊನ್ನೆ ರಾತ್ರಿ ಜಗಲಿಯಲ್ಲಿ ಕೂತು ಹಳಗನ್ನಡ ಪದ್ಯವೊಂದರ ‘ಚಂದ್ರಿಕೆ’ಯನ್ನು ಮುಟ್ಟಿದೆ. ‘ಬೆಳದಿಂಗಳು’ ಎಂದಿತು. ಅಷ್ಟರಲ್ಲೇ ಒಳಗಿನಿಂದ ಅವ್ವ ಕೂಗಿದಳು:

“ಹುಳ ಹಣ್ಣಾದೊ, ಚಂದ್ರಿಕೆ ಇಳಿಸ್ಲಾ ಮಗಾ!”

ರೇಷ್ಮೆ ಸಾಕುವ ಮನೆಯಲ್ಲಿ ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ, ಸುರುಳಿ ಸುತ್ತಿನ ಬಿದಿರ ತಟ್ಟಿ. ನಾಲ್ಕು ಜ್ವರ ದಾಟಿದ ಹುಳು ಸೊಪ್ಪು ಬಿಟ್ಟು ಮೈ ಹೊಳೆಯಿಸಿತೆಂದರೆ ಹಣ್ಣಾಯಿತು. ಆಗಲೇ ಆರಿಸಿ ಬಿಡದಿದ್ದರೆ ಸೊಪ್ಪಿನ ಕಸದ ನಡುವೆಯೇ ನೂಲು ಬಿಡುತ್ತದೆ, ಅಂಥ ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಹಣ್ಣು, ಜ್ವರ, ಚಂದ್ರಿಕೆ ಮೂರಕ್ಕೂ ನಮ್ಮ ಅರ್ಥ ಬೇರೆ. ಇದು ಟಿಪ್ಪಣಿಕಾರರ ತಪ್ಪಲ್ಲ, ಟಿಪ್ಪುವಿನದು. ಮೈಸೂರು ಸೀಮೆಗೆ ಹುಳು ತರಿಸಿದವನು ಅವನು, ಪಂಪ 941ರಲ್ಲಿ ಕಾವ್ಯ ಬರೆದು ಎಂಟು ಶತಮಾನ ಕಳೆದ ಮೇಲೆ.

ತಟ್ಟಿ ಇಳಿಸುತ್ತ ಹೇಳಿದೆ: “ಪುಸ್ತಕದಲ್ಲಿ ಚಂದ್ರಿಕೆ ಅಂದ್ರೆ ಬೆಳದಿಂಗಳಂತೆ ಕಣವ್ವ.”

“ಅದ್ರ ಮೇಲೆ ಹುಳ ಬುಡಕಾದದಾ?” ಎಂದಳು.

ಬೆಳಗಿನ ಜಾವ ಕೆಲಸ ಮುಗಿಸಿ ಯಂತ್ರದೊಳಗೆ ನನ್ನದೂ ಒಂದು ಟಿಪ್ಪಣಿ ಸೇರಿಸಿದೆ: ‘ಚಂದ್ರಿಕೆ: ಬಿದಿರ ತಟ್ಟಿ. ಸಾತನೂರು ಪಾಠ.’ ಅದರ ಕೀಲಿಮಣೆಯಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಒತ್ತಿದ್ದೇನೆ.